ಮೂರು ತಿಂಗಳು ನೀರಿನಡಿ: ಅಮೆಜಾನಿನ ಒಂದು ಹುಲಿ ಜೀರುಂಡೆ

ಪ್ರಶ್ನೆ: ಹುಲಿ ಜೀರುಂಡೆಯ ಮರಿಹುಳು ನೆಲದೊಳಗಿನ ಬಿಲದಲ್ಲಿ ಬೆಳೆಯುತ್ತದಂತೆ. ಅಮೆಜಾನ್ ನದಿಯ ದಂಡೆ ಪ್ರತಿ ವರ್ಷ ಮುಳುಗುತ್ತದಲ್ಲ, ಆಗ ಅದು ಸಾಯುವುದಿಲ್ಲವೇ?

ಎಲ್ಲ ಜಾತಿಗಳೂ ಬದುಕುತ್ತವೆ ಎಂದು ಹೇಳಲಾಗದು. ಆದರೆ ಫಿಯೋಕ್ಸಾಂತ ಕ್ಲುಗಿ ಎಂಬ ಜಾತಿಯ ಮರಿಹುಳು ಬದುಕಿ ಉಳಿಯುತ್ತದೆ.

ಇದರ ಊರು ಬ್ರೆಜಿಲಿನ ಮನಾಸ್ ನಗರದ ಸುತ್ತಲಿನ ನೆರೆಬಯಲು. ಅಲ್ಲಿ ನದಿ ವರ್ಷಕ್ಕೊಮ್ಮೆ ಸುಮಾರು 10 ಮೀಟರ್ ಏರಿ ಇಳಿಯುತ್ತದೆ. ಜೂನ್ ಹೊತ್ತಿಗೆ ನೀರು ತುಂಬಾ ಮೇಲಿರುತ್ತದೆ. ಬಯಲಿನ ಎಷ್ಟೋ ಕೀಟಗಳು, ಜೇಡಗಳು ಆಗ ಮರ ಹತ್ತುತ್ತವೆ. ಈ ಮರಿಹುಳು ಮಾತ್ರ ಬಿಲ ಬಿಡುವುದಿಲ್ಲ. ಅದರ ಬದುಕೇ ಬಿಲದ ಬಾಯಲ್ಲಿ. ಚಪ್ಪಟೆ ತಲೆಯಿಂದ ಬಿಲದ ಬಾಯಿ ಮುಚ್ಚಿಕೊಂಡು ಕಾಯುತ್ತದೆ, ಇರುವೆಯೋ ಹುಳವೋ ಹತ್ತಿರ ಬಂದರೆ ಚಂಗನೆ ಹಿಡಿಯುತ್ತದೆ. ಬೆನ್ನ ಮೇಲಿನ ಡುಬ್ಬದಲ್ಲಿ ಕೊಕ್ಕೆಗಳಿವೆ. ಅವು ಬಿಲದ ಗೋಡೆಗೆ ಕಚ್ಚಿಕೊಳ್ಳುವುದರಿಂದ ದೊಡ್ಡ ಬೇಟೆ ಎಳೆದರೂ ಅದು ಹೊರಗೆ ಬೀಳುವುದಿಲ್ಲ.

ನೆರೆ ಬಂದಾಗ ಅದು ಮುಚ್ಚಿದ ಬಿಲದೊಳಗೇ ಸುಮ್ಮನಾಗುತ್ತದೆ. ಮೀನಿನಂತೆ ಕಿವಿರು ಇಲ್ಲ. ಮೈ ಪಕ್ಕದ ಸಣ್ಣ ರಂಧ್ರಗಳಿಂದ ಉಸಿರಾಟ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಬೇಗ ಮುಗಿಯುತ್ತದೆ. ಆಗ ಅದು ಮೈಯ ಕೆಲಸವನ್ನೇ ತೀರಾ ನಿಧಾನ ಮಾಡುತ್ತದೆ, ಆಮ್ಲಜನಕವಿಲ್ಲದೆಯೂ ಒಂದಿಷ್ಟು ಶಕ್ತಿ ಹುಟ್ಟಿಸಿಕೊಳ್ಳುತ್ತದೆ. ಮಥಿಯಾಸ್ ಝೆರ್ಮ್ ಮತ್ತು ಯೋಆಖಿಮ್ ಆಡಿಸ್ ಎಂಬ ಸಂಶೋಧಕರು ಇದನ್ನು ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಮೂರನೇ, ಅಂದರೆ ಕೊನೆಯ ಹಂತಕ್ಕೆ ಬೆಳೆದ ಮರಿಹುಳುಗಳು ಮುಳುಗಿದ ಮಣ್ಣಿನಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದವು. ಆಮ್ಲಜನಕ ಪೂರ್ತಿ ತೆಗೆದ ನೀರಲ್ಲೂ ದಿನಗಟ್ಟಲೆ ತಾಳಿಕೊಂಡವು.

ನನಗೆ ಇದರಲ್ಲಿ ಜಾಸ್ತಿ ದೊಡ್ಡದಾಗಿ ಕಾಣುವುದು ಆ ಜಾಗದ ಸೆಕೆ. ಚಳಿ ನಾಡಿನ ಕೀಟ ಹೆಪ್ಪುಗಟ್ಟುವ ನೆಲದಲ್ಲಿ ಉಸಿರಿಲ್ಲದೆ ಮಲಗಿದರೆ ಅರ್ಥವಾಗುತ್ತದೆ, ತಣ್ಣಗಿನ ಮೈಗೆ ಬೇಕಾಗುವುದೇ ಕಡಿಮೆ. ಅಮೆಜಾನಿನಲ್ಲಿ ಬೆಚ್ಚಗಿನ ಮೈ ಆಮ್ಲಜನಕ ಜಾಸ್ತಿ ಕೇಳುತ್ತದೆ, ಬೆಚ್ಚಗಿನ ನೀರು ಅದನ್ನು ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ. ಎರಡೂ ಕಡೆಯಿಂದ ಕಷ್ಟ, ಅಲ್ವಾ? ಆದರೂ ಬದುಕುತ್ತದೆ.

ನೀರು ಇಳಿದ ಮೇಲೆ ಅದು ಮಣ್ಣಿನೊಳಗೇ ಪ್ಯೂಪಾ (ಕೋಶಾವಸ್ಥೆ) ಆಗಿ, ಮುಂದೆ ಜೀರುಂಡೆಯಾಗಿ ಹೊರಬರುತ್ತದೆ. ಬೆಳೆದ ಜೀರುಂಡೆ ಮಿರಮಿರ ಮಿಂಚುವ ಹಗಲಿನ ಹುಲಿ ಜೀರುಂಡೆಗಳಂತಲ್ಲ. ಮಾಸಲು ಮರಳಿನ ಬಣ್ಣದ್ದು, ರಾತ್ರಿ ಓಡಾಡಿ ಬೇಟೆಯಾಡುತ್ತದೆ.