ಹಾಸನದ ಹೃದಯಾಘಾತಗಳು: ಲೆಕ್ಕಕ್ಕಿಂತ ಮೊದಲೇ ಹುಟ್ಟಿದ ಕಥೆ

2025ರ ಜೂನ್ ಮುಗಿಯುವ ಹೊತ್ತಿಗೆ, ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ, ಎಳೆವಯಸ್ಸಿನ ಕೆಲವರೂ ಸೇರಿದಂತೆ, ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಸಾವುಗಳಿಗೆ ಕ್ರಮಸಂಖ್ಯೆ ಬಿದ್ದದ್ದೇ ತಡ, ಎಲ್ಲಕ್ಕೂ ಒಂದೇ ಕಾರಣವಿರಬೇಕೆಂಬ ಭಾವನೆ ಬಲಿಯಿತು. ಅದು ಕೋವಿಡ್ ಲಸಿಕೆಯೇ ಎಂಬ ಮಾತು ಹರಡಿತು. ತಪಾಸಣೆಗಾಗಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರು.

ಬೇರೆ ತಿಂಗಳುಗಳಲ್ಲಿ ಇಲ್ಲಿ ಎಷ್ಟು ಜನ ಹೃದ್ರೋಗದಿಂದ ಸಾಯುತ್ತಾರೆ ಎಂದು ಕೇಳಿದವರು ಕಡಿಮೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಸಾವು ಎಂದು ಹಿಡಿದರೆ, ತಿಂಗಳಿಗೆ ಸಾವಿರದ ಆಸುಪಾಸು ಸಾವುಗಳಾಗುತ್ತವೆ. ಭಾರತದಲ್ಲಿ ಸುಮಾರು ಕಾಲು ಭಾಗ ಸಾವುಗಳಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಕಾರಣವಾದ್ದರಿಂದ, ಸುದ್ದಿಯಾಗದ ಇಂಥ ಸಾವುಗಳೇ ತಿಂಗಳಿಗೆ ಇನ್ನೂರನ್ನು ದಾಟಬೇಕು. ಇದು ಒರಟು ಲೆಕ್ಕ, ಇದರಲ್ಲಿ ಎಳೆವಯಸ್ಸಿನವರ ಪಾಲೂ ಚಿಕ್ಕದು. ಆದರೂ ಇಪ್ಪತ್ತು ಎಂಬುದು ಹೆಚ್ಚೋ ಅಲ್ಲವೋ ಎಂದು ತಿಳಿಯಲು ಇಂಥ ಹೋಲಿಕೆಯಲ್ಲದೆ ಬೇರೆ ದಾರಿಯಿಲ್ಲ.

ಮಿದುಳು ಅಷ್ಟು ಕಾಯುವುದಿಲ್ಲ. ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನ ಎರಡು ಅರೆಗೋಳಗಳ ನಡುವಿನ ಸಂಪರ್ಕವನ್ನು ಕತ್ತರಿಸಲಾಗಿದ್ದ ರೋಗಿಯೊಬ್ಬನನ್ನು ನರವಿಜ್ಞಾನಿಗಳಾದ ಮೈಕೇಲ್ ಗಜ್ಜಾನಿಗ ಮತ್ತು ಜೋಸೆಫ್ ಲೆಡೂ 1970ರ ದಶಕದಲ್ಲಿ ಪರೀಕ್ಷಿಸಿದರು. ಮಾತನಾಡುವ ಎಡ ಅರೆಗೋಳಕ್ಕೆ ಕೋಳಿಯ ಪಾದವನ್ನೂ ಬಲ ಅರೆಗೋಳಕ್ಕೆ ಹಿಮ ಕವಿದ ದೃಶ್ಯವನ್ನೂ ತೋರಿಸಿ, ಅವಕ್ಕೆ ಹೊಂದುವ ಚಿತ್ರಗಳನ್ನು ಆರಿಸಲು ಹೇಳಿದಾಗ, ಎಡ ಅರೆಗೋಳ ನಡೆಸುವ ಬಲಗೈ ಕೋಳಿಯನ್ನೂ ಬಲ ಅರೆಗೋಳ ನಡೆಸುವ ಎಡಗೈ ಹಿಮ ತೆಗೆಯುವ ಸಲಿಕೆಯನ್ನೂ ಆರಿಸಿತು. ಸಲಿಕೆ ಏಕೆಂದು ಕೇಳಿದರೆ, ಹಿಮವನ್ನು ಕಂಡೇ ಇರದ ಎಡ ಅರೆಗೋಳ ತಡವರಿಸದೆ ಉತ್ತರ ಕೊಟ್ಟಿತು: ಕೋಳಿಗೂಡನ್ನು ಚೊಕ್ಕಟ ಮಾಡಲು ಸಲಿಕೆ ಬೇಕು. ಅವನು ಬೇಕೆಂದು ಸುಳ್ಳಾಡಲಿಲ್ಲ. ಕೈಗೆ ಸಿಕ್ಕ ಎರಡು ಸಂಗತಿಗಳನ್ನು ಕಾರಣದ ದಾರದಲ್ಲಿ ಪೋಣಿಸಿ, ಅದನ್ನೇ ನಂಬಿದ. ಶಸ್ತ್ರಚಿಕಿತ್ಸೆಯಾಗದ ನಮ್ಮ ಮಿದುಳುಗಳೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ.

ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ಕೊಟ್ಟ ವರದಿಯಲ್ಲಿ ಅಂಥ ಒಂದೇ ದಾರ ಸಿಗಲಿಲ್ಲ. ಪರಿಶೀಲಿಸಿದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಉಳಿದವುಗಳಲ್ಲಿ ಕಂಡದ್ದು ಮಧುಮೇಹ, ರಕ್ತದೊತ್ತಡ, ಧೂಮಪಾನ, ಕುಟುಂಬದ ಹಿನ್ನೆಲೆಯಂಥ, ವೈದ್ಯರಿಗೆ ಹಳೆಯದಾದ ಮತ್ತು ಸುದ್ದಿಗೆ ಸಪ್ಪೆಯಾದ ಕಾರಣಗಳು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆಗೆ ಒಳಪಡಿಸಬೇಕೆಂದು ಸರ್ಕಾರ ಪ್ರಕಟಿಸಿದ್ದು ಈ ಸಾವುಗಳು ಸುದ್ದಿಯಾದ ಬಳಿಕ. ಅಂಥ ದಾಖಲೆ ಮೊದಲೇ ಇದ್ದಿದ್ದರೆ, ಹಿಂದಿನ ವರ್ಷಗಳ ಜೂನ್ ತಿಂಗಳಲ್ಲಿ ಹಾಸನದಲ್ಲಿ ಎಷ್ಟು ಮಂದಿ ಹೀಗೆ ತೀರಿಕೊಂಡಿದ್ದರು ಎಂಬುದನ್ನು ಮೊದಲ ವಾರದಲ್ಲೇ ತೆಗೆದು ನೋಡಬಹುದಿತ್ತು.