ಶಟಲ್‌ನಲ್ಲಿ ‘ಭಾರತ ತಂಡ’ ಇರುವುದೆಲ್ಲಿ?

ಪ್ರಶ್ನೆ: ಕ್ರಿಕೆಟ್‌ಗೆ ಇರುವಂತೆ ಬ್ಯಾಡ್ಮಿಂಟನ್‌ಗೂ ಭಾರತ ತಂಡ ಎಂಬುದೊಂದು ಇದೆಯೇ? ಸಿಂಧು, ಲಕ್ಷ್ಯ ಸೇನ್ ಮೊದಲಾದವರು ಒಬ್ಬೊಬ್ಬರೇ ಆಡುವುದನ್ನಷ್ಟೇ ನೋಡಿದ್ದೇವೆ. ಆ ತಂಡವನ್ನು ಆರಿಸುವವರು ಯಾರು, ಅದು ಆಡುವುದು ಯಾವಾಗ?
(ಸಿಂಧನೂರಿನ ಓದುಗರು)

ಉತ್ತರ: ರಾಯಚೂರು, ಕೊಪ್ಪಳ, ಬಳ್ಳಾರಿಯ ಕಡೆಯಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜವೇ ಆಗಿದೆ. ಇಲ್ಲಿನ ಶಾಲಾ ಬಯಲುಗಳಲ್ಲಿ ಬ್ಯಾಡ್ಮಿಂಟನ್ ಎಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಹಳದಿ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್. ಗರಿಗಳ ಕಾಕ್ ಹೊಡೆಯುವ ಆಟವನ್ನು ನಾವು ‘ಶಟಲ್’ ಎಂದೇ ಕರೆಯುತ್ತೇವೆ. ಬಾಲ್ ಬ್ಯಾಡ್ಮಿಂಟನ್‌ನಲ್ಲಿ ಐವರು ಒಟ್ಟಿಗೆ ಅಂಕಣಕ್ಕಿಳಿಯುವುದರಿಂದ ತಂಡವೆಂಬುದು ಕಣ್ಣಿಗೆ ಕಾಣುತ್ತದೆ. ಶಟಲ್‌ನಲ್ಲಿ ಬಲೆಯ ಒಂದು ಬದಿಗೆ ಇಬ್ಬರಿಗಿಂತ ಹೆಚ್ಚು ಮಂದಿ ನಿಲ್ಲುವುದೇ ಇಲ್ಲ.

ಹಾಗಿದ್ದರೂ ಭಾರತಕ್ಕೆ ತಂಡವಿದೆ. ಆದರೆ ಅದು ವರ್ಷದಲ್ಲಿ ಕೆಲವೇ ವಾರ ತಂಡವಾಗಿರುತ್ತದೆ. ಉಳಿದ ದಿನಗಳಲ್ಲಿ ಅದರ ಸದಸ್ಯರು ತಮ್ಮ ತಮ್ಮ ಪಂದ್ಯ, ತಮ್ಮ ತಮ್ಮ ತರಬೇತುದಾರ, ತಮ್ಮ ತಮ್ಮ ಬಹುಮಾನದ ಹಣ ಎಂದು ಊರೂರು ಸುತ್ತುತ್ತಿರುತ್ತಾರೆ. ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ನಡೆಸುವ ವರ್ಲ್ಡ್ ಟೂರ್‌ನ ಪಂದ್ಯಾವಳಿಗಳೆಲ್ಲ ವೈಯಕ್ತಿಕವಾದವು. ಅಲ್ಲಿ ಒಬ್ಬ ಭಾರತೀಯನು ಮತ್ತೊಬ್ಬ ಭಾರತೀಯನನ್ನು ಮೊದಲ ಸುತ್ತಿನಲ್ಲಿಯೇ ಮನೆಗೆ ಕಳಿಸಬಹುದು, ಕಳಿಸಿದ್ದೂ ಇದೆ. ಆದರೂ ಆಟಗಾರನು ತಾನೇ ಅರ್ಜಿ ಹಾಕಿ ಅಲ್ಲಿಗೆ ಹೋಗುವಂತಿಲ್ಲ. ಪ್ರವೇಶಪತ್ರ ಹೋಗಬೇಕಾದದ್ದು ರಾಷ್ಟ್ರೀಯ ಸಂಸ್ಥೆಯ ಮೂಲಕವೇ, ಅಂದರೆ ಭಾರತೀಯ ಬ್ಯಾಡ್ಮಿಂಟನ್ ಸಂಸ್ಥೆಯ ಮೂಲಕ. ಈ ಸಂಸ್ಥೆಯೂ, ಈಗ ಕ್ವಾಲಾಲಂಪುರದಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿರುವ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ನೂ ಹುಟ್ಟಿದ್ದು ಒಂದೇ ವರ್ಷ, 1934ರಲ್ಲಿ.

ಯಾರು ಯಾವ ಪಂದ್ಯಾವಳಿಗೆ ಅರ್ಹರು ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ವಿಶ್ವ ರ‍್ಯಾಂಕಿಂಗ್. ಕಳೆದ 52 ವಾರಗಳಲ್ಲಿ ಆಟಗಾರನು ಆಡಿದ ಪಂದ್ಯಾವಳಿಗಳ ಪೈಕಿ ಅತ್ಯುತ್ತಮವಾದ 10 ಫಲಿತಾಂಶಗಳ ಅಂಕಗಳನ್ನು ಕೂಡಿಸಿ ಈ ಪಟ್ಟಿ ಮಾಡುತ್ತಾರೆ. ಆಲ್ ಇಂಗ್ಲೆಂಡ್‌ನಂಥ ಸೂಪರ್ 1000 ದರ್ಜೆಯ ಪಂದ್ಯಾವಳಿಯನ್ನು ಗೆದ್ದವರಿಗೆ 12,000 ಅಂಕ, ಲಖನೌದಲ್ಲಿ ನಡೆಯುವ ಸೈಯದ್ ಮೋದಿ ಪಂದ್ಯಾವಳಿಯಂಥ ಸೂಪರ್ 300 ಗೆದ್ದವರಿಗೆ 7,000, ಕೆಳಗಿನ ಇಂಟರ್‌ನ್ಯಾಷನಲ್ ಚಾಲೆಂಜ್ ಗೆದ್ದವರಿಗೆ 4,000. ಅಂಕವಿಲ್ಲದೆ ದೊಡ್ಡ ಪಂದ್ಯಾವಳಿಗೆ ಪ್ರವೇಶವಿಲ್ಲ, ದೊಡ್ಡ ಪಂದ್ಯಾವಳಿ ಆಡದೆ ಹೆಚ್ಚು ಅಂಕವಿಲ್ಲ. ಹೊಸಬರು ಈ ಸುಳಿಯಿಂದ ಹೊರಬರಲು ಸಣ್ಣ ಪಂದ್ಯಾವಳಿಗಳನ್ನು ಹುಡುಕಿಕೊಂಡು, ಅನೇಕ ವೇಳೆ ಸ್ವಂತ ಖರ್ಚಿನಲ್ಲಿ, ದೇಶ ದೇಶ ಅಲೆಯುತ್ತಾರೆ. ಒಲಿಂಪಿಕ್ಸ್‌ಗೆ ಸಿಂಗಲ್ಸ್‌ನಲ್ಲಿ ಒಂದು ದೇಶದಿಂದ ಇಬ್ಬರು ಹೋಗಬೇಕಾದರೆ ಆ ಇಬ್ಬರೂ ಅರ್ಹತಾ ಪಟ್ಟಿಯ ಮೊದಲ 16ರೊಳಗೆ ಇರಬೇಕು. ಇಲ್ಲವಾದರೆ ಒಬ್ಬರಿಗಷ್ಟೇ ಅವಕಾಶ.

ಇನ್ನು ತಂಡವು ನಿಜವಾಗಿ ತಂಡವಾಗುವ ವಾರಗಳು. ಪುರುಷರಿಗೆ ಥಾಮಸ್ ಕಪ್, ಮಹಿಳೆಯರಿಗೆ ಉಬರ್ ಕಪ್. ಇವೆರಡೂ ಎರಡು ವರ್ಷಕ್ಕೊಮ್ಮೆ ಒಂದೇ ಊರಿನಲ್ಲಿ ಒಟ್ಟಿಗೆ ನಡೆಯುತ್ತವೆ. ಪುರುಷರೂ ಮಹಿಳೆಯರೂ ಸೇರಿ ಆಡುವ ಸುದಿರ್ಮನ್ ಕಪ್ 1989ರಲ್ಲಿ ಜಕಾರ್ತದಲ್ಲಿ ಆರಂಭವಾಯಿತು. ಇವುಗಳ ಜೊತೆಗೆ ಏಷ್ಯಾ ತಂಡ ಚಾಂಪಿಯನ್‌ಷಿಪ್, ಏಷ್ಯನ್ ಗೇಮ್ಸ್‌ಗಳಲ್ಲಿಯೂ ತಂಡ ವಿಭಾಗವಿರುತ್ತದೆ. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿಯೂ 2022ರವರೆಗೆ ಇತ್ತು. 2024ರ ಫೆಬ್ರುವರಿಯಲ್ಲಿ ಮಲೇಷ್ಯಾದ ಷಾ ಆಲಂನಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡನ್ನು 3-2ರಿಂದ ಸೋಲಿಸಿ ಏಷ್ಯಾ ತಂಡ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದರು.

ಥಾಮಸ್ ಕಪ್‌ನಲ್ಲಿ ಎರಡು ದೇಶಗಳ ನಡುವಿನ ಒಂದು ಹಣಾಹಣಿಯೆಂದರೆ ಐದು ಪಂದ್ಯ: ಮೂರು ಸಿಂಗಲ್ಸ್, ಎರಡು ಡಬಲ್ಸ್. ಮೂರು ಗೆದ್ದ ದೇಶಕ್ಕೆ ಜಯ. ಬಾಲ್ ಬ್ಯಾಡ್ಮಿಂಟನ್‌ನ ಐವರು ಇಲ್ಲಿ ಐದು ಪಂದ್ಯಗಳಾಗಿ ಬೇರೆ ಬೇರೆಯಾಗಿ ಆಡುತ್ತಾರೆ ಎಂದುಕೊಂಡರೆ ಲೆಕ್ಕ ಅರ್ಥವಾದೀತು. ಇದರಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಕಟ್ಟುಪಾಡಿದೆ. ಎದುರಾಳಿಯ ಬಲಿಷ್ಠನ ಮುಂದೆ ನಮ್ಮ ದುರ್ಬಲನನ್ನು ಬಲಿಗೊಟ್ಟು, ನಮ್ಮ ಬಲಿಷ್ಠನನ್ನು ಅವರ ಮೂರನೆಯವನ ಮೇಲೆ ಬಿಡುವ ಚದುರಂಗದ ಚತುರತೆಗೆ ಇಲ್ಲಿ ಅವಕಾಶವಿಲ್ಲ: ಸಿಂಗಲ್ಸ್ ಆಟಗಾರರು ವಿಶ್ವ ರ‍್ಯಾಂಕಿಂಗ್‌ನ ಕ್ರಮದಲ್ಲಿಯೇ ಇಳಿಯಬೇಕು. ಆದ್ದರಿಂದ ಯಾರನ್ನು ಆಡಿಸಬೇಕು ಎಂಬುದು ತರಬೇತುದಾರನ ಕೈಯಲ್ಲಿದೆ, ಯಾರ ಎದುರಿಗೆ ಎಂಬುದು ಇಲ್ಲ.

2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ ಭಾರತವು ಮೊದಲ ಬಾರಿಗೆ ಥಾಮಸ್ ಕಪ್ ಗೆದ್ದ ಬಗೆಯನ್ನು ಈ ಕಟ್ಟುಪಾಡಿನ ಬೆಳಕಿನಲ್ಲಿ ನೋಡಬೇಕು. ಎದುರಿಗಿದ್ದದ್ದು ಅದುವರೆಗೆ 14 ಬಾರಿ ಗೆದ್ದಿದ್ದ ಇಂಡೊನೇಷ್ಯಾ. ಲಕ್ಷ್ಯ ಸೇನ್ ಮೊದಲ ಗೇಮ್‌ನಲ್ಲಿ 8-21ರಿಂದ ಸೋತು, ಆಮೇಲಿನ ಎರಡನ್ನೂ ಗೆದ್ದರು. ಸಾತ್ವಿಕ್ ಸಾಯಿರಾಜ್ ಮತ್ತು ಚಿರಾಗ್ ಶೆಟ್ಟಿ ಡಬಲ್ಸ್ ಗೆದ್ದರು, ಕಿದಂಬಿ ಶ್ರೀಕಾಂತ್ ಎರಡನೆಯ ಸಿಂಗಲ್ಸ್ ಗೆದ್ದರು, 3-0. ಮೂರನೆಯ ಸಿಂಗಲ್ಸ್‌ಗೆ ಕಾದಿದ್ದ ಎಚ್.ಎಸ್. ಪ್ರಣಯ್ ರ‍್ಯಾಕೆಟ್ ಎತ್ತುವ ಪ್ರಮೇಯವೇ ಬರಲಿಲ್ಲ. ಆದರೆ ಮಲೇಷ್ಯಾದ ಎದುರಿನ ಕ್ವಾರ್ಟರ್‌ಫೈನಲ್ ಮತ್ತು ಡೆನ್ಮಾರ್ಕ್ ಎದುರಿನ ಸೆಮಿಫೈನಲ್ ಎರಡೂ 2-2ಕ್ಕೆ ಬಂದು ನಿಂತಿದ್ದಾಗ ಐದನೆಯ ಪಂದ್ಯ ಗೆದ್ದುಕೊಟ್ಟವರು ಅವರೇ. ಸೆಮಿಫೈನಲ್‌ನಲ್ಲಿಯಂತೂ ಜಾರಿ ಕಾಲು ಉಳುಕಿಸಿಕೊಂಡು, ಒಂದು ಗೇಮ್ ಹಿಂದಿದ್ದು ಗೆದ್ದರು.

ಆ ಕಪ್ ಇಷ್ಟು ತಡವಾಗಿ ಬಂದುದೇಕೆ? ಪ್ರಕಾಶ್ ಪಡುಕೋಣೆ 1980ರಲ್ಲಿ, ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಿದ್ದರೂ ಒಬ್ಬ ಮಹಾ ಆಟಗಾರನು ಐದರಲ್ಲಿ ಒಂದನ್ನಷ್ಟೇ ಖಾತ್ರಿಯಾಗಿ ತಂದುಕೊಡಬಲ್ಲ. ನನ್ನ ಮಟ್ಟಿಗೆ ನಮ್ಮ ಕೊರತೆ ಇದ್ದುದು ಡಬಲ್ಸ್‌ನಲ್ಲಿ. ಇಂಡೊನೇಷ್ಯಾದಲ್ಲಿ ರಾಷ್ಟ್ರೀಯ ಆಟಗಾರರು ಜಕಾರ್ತದ ಚಿಪಾಯುಂಗ್ ಕೇಂದ್ರದಲ್ಲಿ ವರ್ಷವಿಡೀ ಒಟ್ಟಿಗಿದ್ದು ಜೋಡಿಗಳಾಗಿ ಬೆಳೆಯುತ್ತಾರೆ. ನಮ್ಮಲ್ಲಿ ಬೆಂಗಳೂರಿನ, ಹೈದರಾಬಾದಿನ ಅಕಾಡೆಮಿಗಳೇ ಆಟಗಾರರನ್ನು ಬೆಳೆಸಿದವು, ಅವು ಬೆಳೆಸಿದ್ದು ಹೆಚ್ಚಾಗಿ ಸಿಂಗಲ್ಸ್ ಆಟಗಾರರನ್ನು. ಇಬ್ಬರೂ ಹಿಂಬದಿಯಿಂದ ಹೊಡೆಯುವವರೇ ಆಗಿದ್ದ ಸಾತ್ವಿಕ್, ಚಿರಾಗ್ ಅವರನ್ನು ಜೋಡಿ ಮಾಡಿದ್ದು ಆಗ ಭಾರತದ ಡಬಲ್ಸ್ ತರಬೇತುದಾರರಾಗಿದ್ದ ಮಲೇಷ್ಯಾದ ಟಾನ್ ಕಿಮ್ ಹರ್. ಆ ಜೋಡಿ 2023ರಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿತು.

ಆಯ್ಕೆಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ಥಾಮಸ್ ಕಪ್ ತಂಡದಲ್ಲಿ 10 ಮಂದಿಯವರೆಗೆ ಇರಬಹುದು. ರ‍್ಯಾಂಕಿಂಗ್‌ನಲ್ಲಿ ಮೇಲಿರುವವರನ್ನು ರಾಷ್ಟ್ರೀಯ ಸಂಸ್ಥೆಯ ಆಯ್ಕೆ ಸಮಿತಿ ನೇರವಾಗಿ ಸೇರಿಸಿಕೊಳ್ಳುತ್ತದೆ. ಉಳಿದ ಸ್ಥಾನಗಳಿಗಾಗಿ 2022ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಟ್ರಯಲ್ಸ್ ನಡೆಸಿದಂತೆ ಆಟಗಾರರನ್ನು ಪರಸ್ಪರ ಆಡಿಸಿಯೂ ನೋಡುತ್ತದೆ.

ಸಿಂಧನೂರಿನ ಮಗುವೊಂದು ಈ ಪಟ್ಟಿಗೆ ಸೇರಬೇಕಾದರೆ ದಾರಿ ಜಿಲ್ಲಾ ಪಂದ್ಯಗಳಿಂದ ಕರ್ನಾಟಕ ಬ್ಯಾಡ್ಮಿಂಟನ್ ಸಂಸ್ಥೆಯ ರಾಜ್ಯ ರ‍್ಯಾಂಕಿಂಗ್ ಪಂದ್ಯಾವಳಿಗಳಿಗೆ, ಅಲ್ಲಿಂದ 13, 15, 17, 19 ವರ್ಷದೊಳಗಿನವರ ಅಖಿಲ ಭಾರತ ರ‍್ಯಾಂಕಿಂಗ್ ಪಂದ್ಯಾವಳಿಗಳಿಗೆ ಸಾಗುತ್ತದೆ. ವಯಸ್ಸಿನ ದಾಖಲೆ ಕೊಟ್ಟು ನೋಂದಣಿ ಸಂಖ್ಯೆ ಪಡೆಯುವುದು ಮೊದಲ ಕೆಲಸ. ಅದನ್ನು ಪಂದ್ಯದ ಹಿಂದಿನ ವಾರಕ್ಕೆ ಬಿಟ್ಟುಕೊಂಡು ಪರದಾಡುವ ಪಾಲಕರಿದ್ದಾರೆ. ಸಿಂಗಲ್ಸ್ ಜೊತೆಗೆ ಡಬಲ್ಸ್‌ಗೂ ಹೆಸರು ಕೊಡಿಸುವುದು ಒಳ್ಳೆಯದು. ಅದಕ್ಕೆ ಬೇಕಾದುದು ಅದೇ ವಯೋಮಿತಿಯ, ಪ್ರತಿ ಸಂಜೆ ಅದೇ ಹಾಲ್‌ಗೆ ಬರುವ ಇನ್ನೊಂದು ಮಗು. ಸಣ್ಣ ಊರುಗಳಲ್ಲಿ ರ‍್ಯಾಕೆಟ್ ಸಿಕ್ಕಷ್ಟು ಸುಲಭವಾಗಿ ಅದು ಸಿಗುವುದಿಲ್ಲ.