ಮೂರು ಸಲ ಫಾರ್ಮ್ಯಾಟ್ ಹೊಡೆದರೂ ಬಿಡದ ನೀಲಿ ಪರದೆ

ಸಿಪಿಯು ಹೊತ್ತು ತಂದ ಅಕ್ಕ ಅದನ್ನು ಟೇಬಲ್ ಮೇಲೆ ಇಡುವ ಮೊದಲೇ ಶುರು ಮಾಡಿದರು. "ಮೂರು ಸಲ ಫಾರ್ಮ್ಯಾಟ್ ಹೊಡೆಸಿಯಾಯ್ತಪ್ಪಾ. ನಾಲ್ಕು ದಿನ ಚೆನ್ನಾಗಿರುತ್ತೆ, ಆಮೇಲೆ ಮತ್ತೆ ಅದೇ ರಾಮಾಯಣ." ಮನೆಯಲ್ಲೇ ಕೂತು ಎರಡು ಮೂರು ಅಂಗಡಿಗಳ ಲೆಕ್ಕ ಬರೆಯುವವರು ಅವರು. ಕೆಲಸದ ನಡುವೆ ನೀಲಿ ಪರದೆ ಬರುತ್ತದೆ, ಮೆಷಿನ್ ತಾನೇ ರೀಸ್ಟಾರ್ಟ್ ಆಗುತ್ತದೆ. ಒಬ್ಬರು ವಿಂಡೋಸ್ ಕರಪ್ಟ್ ಅಂದರಂತೆ, ಇನ್ನೊಬ್ಬರು ವೈರಸ್ ಅಂದರಂತೆ.

"ನೀಲಿ ಪರದೆಯಲ್ಲಿ ಪ್ರತಿ ಸಲ ಒಂದೇ ಹೆಸರು ಬರುತ್ತಾ ಅಕ್ಕಾ, ಬೇರೆ ಬೇರೆಯಾ?" ಎಂದೆ. ಪುಣ್ಯಕ್ಕೆ ಮೊಬೈಲಲ್ಲಿ ಫೋಟೋ ತೆಗೆದಿಟ್ಟಿದ್ದರು. ಒಂದರಲ್ಲಿ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದರಲ್ಲಿ ಪೇಜ್ ಫಾಲ್ಟ್, ಮತ್ತೊಂದರಲ್ಲಿ ಐಆರ್‌ಕ್ಯೂಎಲ್ ಅಂತೇನೋ. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ದೂರು ಮತ್ತೆ ಮತ್ತೆ ಬರುತ್ತದೆ. ದಿನಕ್ಕೊಂದು ದೂರು ಬಂದರೆ ನನ್ನ ಅನುಮಾನ ರ್ಯಾಮ್ ಕಡೆ, ಅಂದರೆ ಕೆಲಸ ನಡೆಯುವಾಗ ಮಾಹಿತಿ ತಾತ್ಕಾಲಿಕವಾಗಿ ಕೂರುವ ಮೆಮೊರಿಯ ಕಡೆ ತಿರುಗುತ್ತದೆ. ಹಾಗಂತ ಮೆಮೊರಿ ಎಂಬ ಪದ ಕಂಡ ಕೂಡಲೇ ಹೊಸ ರ್ಯಾಮ್ ತರಲು ಓಡಬೇಡಿ, ಅದು ಬೇರೆ ಕಾರಣಕ್ಕೂ ಬರುತ್ತದೆ.

ಅನುಮಾನ ಗಟ್ಟಿಯಾಗಿದ್ದು ಒಂದು ಜಿಪ್ ಫೈಲಿನಿಂದ. ಅವರ ಮಗಳ ಮದುವೆಯ ಫೋಟೋಗಳಿದ್ದ ದೊಡ್ಡ ಜಿಪ್ ಅದು. ಬಿಚ್ಚಿದೆ, ಒಂದು ಫೋಟೋದ ಹತ್ತಿರ ಸಿಆರ್‌ಸಿ ಎರರ್, ಅಂದರೆ ಬಿಚ್ಚಿದ್ದು ಮೂಲಕ್ಕೆ ತಾಳೆಯಾಗುತ್ತಿಲ್ಲ ಎಂಬ ದೂರು. ರೀಸ್ಟಾರ್ಟ್ ಮಾಡಿ ಮತ್ತೆ ಬಿಚ್ಚಿದೆ. ಮೊದಲು ತಕರಾರು ಮಾಡಿದ ಫೋಟೋ ಸಲೀಸಾಗಿ ಬಂತು, ಬೇರೆಲ್ಲೋ ಎರರ್. ಮೂರನೇ ಸಲ ಮತ್ತೊಂದು ಕಡೆ. ಡಿಸ್ಕಿನಲ್ಲಿರುವ ಫೈಲೇ ಕೆಟ್ಟಿದ್ದರೆ ಪ್ರತಿ ಸಲ ಒಂದೇ ಜಾಗದಲ್ಲಿ ಎಡವಬೇಕಿತ್ತು, ಅಲ್ವಾ? ಜಾಗ ಬದಲಾಗುತ್ತಿದೆ ಎಂದರೆ ಫೈಲ್ ಸರಿಯಿದೆ, ಅದು ಹಾದುಹೋಗುವ ದಾರಿ ಸರಿಯಿಲ್ಲ.

ಇದಕ್ಕೇ ನಾನು ಫಾರ್ಮ್ಯಾಟ್ ಬೇಡ ಅನ್ನುವುದು. ಹೊಸ ವಿಂಡೋಸಿನ ಫೈಲುಗಳೂ ಅದೇ ಕೆಟ್ಟ ರ್ಯಾಮ್ ಮೂಲಕವೇ ಡಿಸ್ಕಿಗೆ ಹೋಗಬೇಕು. ಕೊಳಕು ಬಟ್ಟೆಯಲ್ಲಿ ತಟ್ಟೆ ಒರೆಸಿದ ಹಾಗೆ.

ಪರೀಕ್ಷೆಗೆ ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಸಾಧನ ಇದೆ. ಅದು ಎರರ್ ಇದೆ ಅಂದರೆ ನಂಬಿ. ಎರರ್ ಇಲ್ಲ ಅಂದರೆ ನಾನಂತೂ ನಂಬುವುದಿಲ್ಲ. ನಾನು ಬಳಸುವುದು ಮೆಮ್‌ಟೆಸ್ಟ್86 ಪ್ಲಸ್, ಪುಕ್ಕಟೆ ಸಿಗುತ್ತದೆ. ಇದರ ಮೂಲ 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಪ್ರೋಗ್ರಾಂ. ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಬೇಕು. ವಿಂಡೋಸ್ ಓಡುತ್ತಿದ್ದರೆ ರ್ಯಾಮಿನ ಒಂದು ಪಾಲನ್ನು ಅದೇ ಹಿಡಿದು ಕೂತಿರುತ್ತದೆ, ಆ ಜಾಗ ಪರೀಕ್ಷೆಗೆ ಸಿಗುವುದಿಲ್ಲ. 8 ಜಿಬಿಯ ಒಂದು ರ್ಯಾಮ್ ಪಟ್ಟಿಯಲ್ಲಿ, ಅಂದರೆ ಸ್ಟಿಕ್ಕಿನಲ್ಲಿ, ಸುಮಾರು 6,870 ಕೋಟಿ ಬಿಟ್‌ಗಳಿವೆ, ಒಂದೊಂದೂ 0 ಇಲ್ಲವೇ 1. ಪ್ರೋಗ್ರಾಂ ಬೇರೆ ಬೇರೆ ಮಾದರಿಯಲ್ಲಿ ಅಲ್ಲೆಲ್ಲ ಬರೆದು, ಬರೆದದ್ದು ಹಾಗೇ ಇದೆಯಾ ಎಂದು ಓದಿ ನೋಡುತ್ತದೆ. ರಾತ್ರಿ ಹಚ್ಚಿ ಮಲಗಿ, ಬೆಳಿಗ್ಗೆ ನೋಡಿ. ಮೆಷಿನ್ ತಣ್ಣಗಿದ್ದಾಗ ಪಾಸಾಗಿ, ಬಿಸಿಯಾದ ಮೇಲೆ ಫೇಲಾಗುವ ಸ್ಟಿಕ್ಕುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗಿ ಎಲ್ಲ ಮೊದಲಿಂದ, ಅದು ಬೇರೆ ಕಥೆ.

ಎಷ್ಟು ಎರರ್ ಬಂದರೆ ಪರವಾಗಿಲ್ಲ ಎಂದು ಕೇಳುವವರಿದ್ದಾರೆ. ಸೊನ್ನೆ. ಒಂದು ಬಂದರೂ ಕೆಟ್ಟಿದೆ ಎಂದೇ ಲೆಕ್ಕ.

ಏನು ಕೆಟ್ಟಿದೆ ಎನ್ನುವುದು ಮಾತ್ರ ಇನ್ನೂ ಗೊತ್ತಾಗಿರುವುದಿಲ್ಲ. ಮೊದಲು ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆಗೆ ಹೋಗಿ, ರ್ಯಾಮನ್ನು ಮಾಮೂಲಿಗಿಂತ ಜೋರಾಗಿ ಓಡಿಸುವ ಎಕ್ಸ್‌ಎಂಪಿ ಆಫ್ ಮಾಡಿ. ಡಿಡಿಆರ್4 ಎಂಬ ಬಗೆಯ ಸ್ಟಿಕ್ಕಿನ ಮೇಲೆ 3200 ಎಂದು ವೇಗ ಬರೆದಿದ್ದರೂ ಎಷ್ಟೋ ಸ್ಟಿಕ್ಕುಗಳು ಆ ವೇಗಕ್ಕೆ ಹೋಗಲು 1.2 ವೋಲ್ಟ್ ಬದಲು 1.35 ವೋಲ್ಟ್ ಬೇಡುತ್ತವೆ. ಆಫ್ ಮಾಡಿದ ಮೇಲೆ ಎರರ್ ನಿಂತರೆ ಸ್ಟಿಕ್ ಸತ್ತಿಲ್ಲ, ಓಡಲಾರದಷ್ಟು ಜೋರಾಗಿ ಓಡಿಸುತ್ತಿದ್ದಿರಿ ಅಷ್ಟೇ. ಆಮೇಲೆ ಪ್ಲಗ್ ಕಿತ್ತು, ಒಂದು ಸ್ಟಿಕ್ ಮಾತ್ರ ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿ. ಅದೇ ಸ್ಲಾಟಿನಲ್ಲಿ ಇನ್ನೊಂದನ್ನೂ ಹಾಕಿ ನೋಡಿ. ಎರಡೂ ಫೇಲಾದರೆ ದೋಷ ಸ್ಟಿಕ್ಕಿನದಲ್ಲ, ಸ್ಲಾಟಿನದೋ ಬೋರ್ಡಿನದೋ ಇರಬಹುದು. ಪ್ರೊಸೆಸರ್ ಸಾಕೆಟ್ಟಿನ ಒಂದು ಪಿನ್ ಬಾಗಿದ್ದರೂ ಹೀಗಾಗುತ್ತದೆ.

ಇನ್ನು ಸ್ಟಿಕ್ಕಿನ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ವೈದ್ಯ. ಅದು ಕೆಲಸ ಮಾಡುತ್ತದೆ, ಸುಳ್ಳಲ್ಲ. ಮಳೆಗಾಲದಲ್ಲಿ ಡಿಸ್ಪ್ಲೇ ಬರ್ತಿಲ್ಲ ಎಂದು ಬರುವ ಮೆಷಿನ್‌ಗಳಲ್ಲಿ ಎಷ್ಟೋ ಸ್ಟಿಕ್ ತೆಗೆದು ಹಾಕಿದರೆ ಸಾಕು, ಎದ್ದು ಕೂರುತ್ತವೆ. ಆದರೆ ಆ ಅಂಚಿನ ಮೇಲಿರುವ ಚಿನ್ನದ ಲೇಪ ಬಹಳ ತೆಳು, ತಿಂಗಳಿಗೊಮ್ಮೆ ಉಜ್ಜಿದರೆ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಚಿಪ್ಪಿನ ಒಳಗೇ ಕೆಟ್ಟಿದ್ದರೆ ಎಷ್ಟು ಉಜ್ಜಿದರೂ ಅಷ್ಟೇ.

ಅಕ್ಕನ ಎರಡು ಸ್ಟಿಕ್ಕುಗಳಲ್ಲಿ ಒಂದು ರಾತ್ರಿಯಿಡೀ ಪಾಸಾಯಿತು. ಇನ್ನೊಂದು ಯಾವ ಸ್ಲಾಟಿಗೆ ಹಾಕಿದರೂ ಒಂದೇ ವಿಳಾಸದಲ್ಲಿ ಕೆಂಪು ತೋರಿಸಿತು. ಎಂಟು ಎಫ್ ಬರೆದ ಕಡೆ ಓದಿದಾಗ ಏಳು ಎಫ್, ಕೊನೆಯದು 7. ಅಲ್ಲಿ ಎಫ್ ಎಂದರೆ 1111, 7 ಎಂದರೆ 0111. ಅಂದರೆ ಒಂದೇ ಒಂದು ಬಿಟ್, 1 ಇರಬೇಕಾದ ಕಡೆ 0.

"ಒಂದೇ ಒಂದಾ? ಹಾಗಾದ್ರೆ ನನ್ನ ಲೆಕ್ಕಕ್ಕೇನೂ ಆಗಿರಲ್ಲ ಅಲ್ವಾ?" ಎಂದರು.

ಹಾಳೆಯ ಮೇಲೆ ಬರೆದು ತೋರಿಸಿದೆ. ಕಂಪ್ಯೂಟರಿನಲ್ಲಿ 9 ಎಂಬ ಅಕ್ಷರ 00111001. ಅದರಲ್ಲಿ ಆ ಬಿಟ್, ಅಂದರೆ ಬಲದಿಂದ ನಾಲ್ಕನೆಯದು, ಬಿದ್ದುಹೋದರೆ 00110001. ಅದು 1. ಆ ಜಾಗಕ್ಕೆ ಬಂದು ಕೂತ 9000 ರೂಪಾಯಿ 1000 ಆಗಿ ಸೇವ್ ಆಗಬಹುದು, ಯಾವ ನೀಲಿ ಪರದೆಯೂ ಬರುವುದಿಲ್ಲ. ಬ್ಯಾಕಪ್ಪಿಗೂ ಅದೇ ಹೋಗುತ್ತದೆ.

ಸ್ಟಿಕ್ಕಿಗೆ ವಾರಂಟಿ ಇತ್ತು, ಬದಲಿ ಬಂತು. ಸಿಪಿಯು ಕೊಡಲು ಅವರ ಮನೆಗೆ ಹೋದಾಗ ಅಕ್ಕ ನೆಲದ ಮೇಲೆ ಬಿಲ್ಲುಗಳ ಕಟ್ಟು ಹರಡಿಕೊಂಡು ಕೂತಿದ್ದರು, ಕೈಯಲ್ಲಿ ಕೆಂಪು ಪೆನ್ನು.